ಯಾರದೂ ಅಲ್ಲದ ಗೋಡೆ

ಅವ್ವನ ಮೊಣಕಾಲಿನ ಶಸ್ತ್ರಚಿಕಿತ್ಸೆ ಹುಬ್ಬಳ್ಳಿಯಲ್ಲಿ ಚೆನ್ನಾಗಿಯೇ ಆಯಿತು. ಮನೆಗೆ ಕಳಿಸುವಾಗ ವೈದ್ಯರು ಎರಡು ಸಂಗತಿಗಳನ್ನು ನಿಷೇಧಿಸಿದರು: ಕುಕ್ಕರಗಾಲಿನಲ್ಲಿ ಕೂರುವುದು ಮತ್ತು ಮೆಟ್ಟಿಲಿಳಿಯುವುದು. ಬೆಟಗೇರಿಯ ನಮ್ಮ ಮನೆಯ ಪಾಯಖಾನೆ ಹಿತ್ತಲಿನಲ್ಲಿದೆ. ಅದಕ್ಕೆ ಮೆಟ್ಟಿಲಿಳಿದೇ ಹೋಗಬೇಕು, ಹೋಗಿ ಕುಕ್ಕರಗಾಲಿನಲ್ಲೇ ಕೂರಬೇಕು. ಹೀಗಾಗಿ ಅವ್ವ ಲಕ್ಷ್ಮೇಶ್ವರದಲ್ಲಿರುವ ನನ್ನ ತಂಗಿಯ ಗಂಡನ ಮನೆಗೆ ಹೋದಳು. ನಾನು ಮನೆಯೊಳಗೇ ಒಂದು ಬಚ್ಚಲು ಕಟ್ಟಿಸಲು ನಿಂತೆ.

ತಂಗಿಯ ಅತ್ತೆ ಮಾವಂದಿರು ಸಜ್ಜನರು. ಅವ್ವನ ಸಂಕಟಕ್ಕೆ ಅದೇ ಕಾರಣವಾಯಿತು. ಆಕೆ ಎದ್ದರೆ ಮನೆಯೆಲ್ಲ ಎದ್ದು ನಿಲ್ಲುತ್ತಿತ್ತಂತೆ. ಬೀಗರು ಟಿವಿ ಆರಿಸುವರು, ಬೀಗಿತಿ ಓಡಿಹೋಗಿ ದೀಪ ಹಾಕುವರು, ತಂಗಿ ಬಾಗಿಲಾಚೆ ನಿಂತು ಆಯಿತೇ ಎಂದು ಕೇಳುವಳು. ಬಿದ್ದುಗಿದ್ದಾಳೆಂದು ಒಳಗಿನಿಂದ ಚಿಲಕ ಹಾಕಿಕೊಳ್ಳಲೂ ಬಿಡುತ್ತಿರಲಿಲ್ಲ. ಎಪ್ಪತ್ತು ದಾಟಿದ ಹೆಂಗಸು, ಬೀಗರ ಮನೆಯಲ್ಲಿ, ಚಿಲಕವಿಲ್ಲದ ಬಾಗಿಲಿನ ಹಿಂದೆ. ಪದೇ ಪದೇ ಏಳಬಾರದೆಂದು ಅವ್ವ ಊಟವನ್ನೇ ಕಡಿಮೆ ಮಾಡಿದ್ದಾಳೆ, ನೀರು ಕೇಳುವುದನ್ನೇ ಬಿಟ್ಟಿದ್ದಾಳೆ ಎಂದು ತಂಗಿ ಹೇಳಿದಳು. ಪ್ರತಿ ಸಂಜೆ ಅವ್ವ ಫೋನು ಮಾಡಿ ಒಂದೇ ಪ್ರಶ್ನೆ ಕೇಳುತ್ತಿದ್ದಳು: "ನನ್ನ ಬಚ್ಚಲಾ ಆತೇನು?"

ನಾನು ಶಾಲೆಯಲ್ಲಿ ಕಲಿಸುವವಳು. ಕಾಲೇಜಿನ ದಿನಗಳಲ್ಲಿ ಚರ್ಚಾಸ್ಪರ್ಧೆಗಳಲ್ಲಿ ವಿಷಯದ ಪರವಾಗಿಯೂ ವಿರೋಧವಾಗಿಯೂ ಮಾತನಾಡಿ ಫಲಕಗಳನ್ನು ತಂದಿದ್ದೇನೆ. ಇಬ್ಬರು ವಿವೇಕಿಗಳು ಎದುರುಬದುರು ಕುಳಿತು, ಒಬ್ಬರ ಮಾತು ಮುಗಿಯುವವರೆಗೆ ಇನ್ನೊಬ್ಬರು ಕಾಯುವುದಾದರೆ, ಬಗೆಹರಿಯದ ಪ್ರಶ್ನೆಯೇ ಇಲ್ಲವೆಂದು ನಾನು ಆಗಲೂ ನಂಬಿದ್ದೆ, ಈಗಲೂ ನಂಬುತ್ತೇನೆ. ನಮ್ಮ ಓಣಿಯ ನಲ್ಲಿ ನೀರಿನ ಸರದಿಯನ್ನು ಹಾಗೆಯೇ ಬಗೆಹರಿಸಿದೆವು. ಗಟಾರದ ಹೂಳನ್ನು ಎತ್ತುವ ವಿಷಯದಲ್ಲಿ ಕನಿಷ್ಠ ಒಂದು ಉನ್ನತ ಮಟ್ಟದ ಚರ್ಚೆಯನ್ನಾದರೂ ನಡೆಸಿದೆವು.

ಪಡಸಾಲೆಗೆ ಅಂಟಿಕೊಂಡು ಜೋಳದ ಚೀಲಗಳನ್ನಿಡುವ ಒಂದು ಸಣ್ಣ ಕೋಲಿ ಇತ್ತು. ಅದನ್ನೇ ಬಚ್ಚಲು ಮಾಡುವುದೆಂದಾಯಿತು. ಕಳಸಾಪುರದಿಂದ ಬಂದ ಮೇಸ್ತ್ರಿ ಮೊದಲ ದಿನವೇ ಕೊಳವೆ ಹಾಯಿಸಲು ಅಡುಗೆಮನೆಯ ನೆಲ ಅಗೆದ. ಗ್ಯಾಸಿನ ಒಲೆ ನನ್ನ ಓದುವ ಮೇಜನ್ನೇರಿತು. ಮಕ್ಕಳ ಉತ್ತರಪತ್ರಿಕೆಗಳು ಹಿಟ್ಟಿನ ಡಬ್ಬಿಯ ಮೇಲೆ ಹೋದವು. ಜೋಳದ ಚೀಲಗಳು ನನ್ನ ಮಂಚದ ಮೇಲೆ ಮಲಗಿದವು. ನಾನು ಅವುಗಳ ಪಕ್ಕದಲ್ಲಿ. ರೊಟ್ಟಿಯಲ್ಲಿ ಉಸುಕು, ಚಹಾದಲ್ಲಿ ಸಿಮೆಂಟು. ಇವೆಲ್ಲಕ್ಕಿಂತ ಮೊದಲು ಬಂದದ್ದು ಕಮೋಡು. ಅಂಗಡಿಯವರ ಗಾಡಿ ಹೇಗೂ ಈ ಕಡೆಗೆ ಬರುತ್ತಿತ್ತೆಂದು ಅದನ್ನು ಮುಂಚೆಯೇ ಇಳಿಸಿ ಹೋಗಿದ್ದರು. ಬೇರೆ ಜಾಗವಿಲ್ಲದ್ದರಿಂದ ಅದು ಪಡಸಾಲೆಯ ನಟ್ಟನಡುವೆ, ಬಾಗಿಲಿಗೆ ಮುಖ ಮಾಡಿ, ಬಂದವರನ್ನು ಎದುರುಗೊಳ್ಳುವಂತೆ ಕುಳಿತಿತ್ತು.

ಮೇಸ್ತ್ರಿ ಕೋಲಿಯ ನೆಲಕ್ಕೆ ಕಾಂಕ್ರೀಟು ಹಾಕಿ, ದಿನವೂ ನೀರು ಹೊಡೆಯಬೇಕೆಂದು ಹೇಳಿ, ಯಾರದೋ ಸ್ಲ್ಯಾಬು ಹಾಕಲು ಶಿರಹಟ್ಟಿಗೆ ಹೋದ. ನಾನು ಶ್ರದ್ಧೆಯಿಂದ ನೀರು ಹೊಡೆದೆ. ಶಾಲೆಗೆ ಹೋಗುವ ಮುನ್ನ ಹೊಡೆದೆ, ಬಂದ ಮೇಲೂ ಹೊಡೆದೆ. ಕೋಲಿಗೂ ಪಕ್ಕದ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಎರಡೂವರೆ ಅಡಿ ದಪ್ಪದ, ಕಲ್ಲು ಮಣ್ಣಿನ ಹಳೆಯ ಗೋಡೆ. ನೀರು ಅದರ ಬುಡಕ್ಕೆ ಇಳಿಯಿತು. ಒಂದು ರಜೆಯ ಮಧ್ಯಾಹ್ನ ಆ ಗೋಡೆ ಕುಸಿಯಿತು. ಬಿತ್ತು ಎನ್ನುವಂತಿಲ್ಲ, ದಣಿದ ಮನುಷ್ಯರು ಕೂರುವಂತೆ ಮೆಲ್ಲನೆ ಕುಳಿತುಕೊಂಡಿತು.

ಧೂಳು ಅಡಗಿದಾಗ ಆಚೆಗೆ ಪಕ್ಕದ ಮನೆಯ ಚಾಚಿ ಲಟ್ಟಣಿಗೆ ಹಿಡಿದು ಕೂತಿದ್ದು ಕಂಡಿತು. ಚಾಚಾ ಗಾದಿ ಹೊಲಿಯುವವರು. ಮನೆಯ ಮುಂಭಾಗವೇ ಅವರ ಅಂಗಡಿ. ನಾನು ಹುಟ್ಟಿದಂದಿನಿಂದ ಅವರು ನಮ್ಮ ನೆರೆಯವರು. ಯಾರಿಗೂ ಪೆಟ್ಟಾಗಿರಲಿಲ್ಲ. ಚಾಚಿ ನನ್ನನ್ನು, ನಾನು ಚಾಚಿಯನ್ನು ಸ್ವಲ್ಪ ಹೊತ್ತು ನೋಡಿದೆವು. ಗೋಡೆಯ ಕುರಿತು ಮೊದಲು ಮಾತನಾಡುವುದು ಸೌಜನ್ಯವಲ್ಲವೆಂದು ಇಬ್ಬರಿಗೂ ಅನ್ನಿಸಿರಬೇಕು. "ಇವತ್ತ ಶಾಲಿ ಇಲ್ಲೇನ್ ಬೇಟಾ?" ಎಂದು ಚಾಚಿ ಕೇಳಿದರು. ರಜೆ ಎಂದೆ.

ಆ ಮೇಲಿನ ದಿನಗಳಲ್ಲಿ ಗೋಡೆ ಇರಲಿಲ್ಲ. ಆದರೆ ಗೋಡೆಯ ಮರ್ಯಾದೆ ಹಾಗೇ ಇತ್ತು. ಚಾಚಾ ತಮ್ಮ ಕಡೆಗೆ ಗಾದಿಯ ಪಟ್ಟಿಪಟ್ಟಿ ಬಟ್ಟೆಯನ್ನು ಇಳಿಬಿಟ್ಟರು, ನಾನು ನಮ್ಮ ಕಡೆಗೆ ಜಮಖಾನೆ ಕಟ್ಟಿದೆ. ಚಾಚಿ ಪಲ್ಯ ಕೊಡಬೇಕಾದರೆ ತಟ್ಟೆಗೆ ಮುಚ್ಚಳ ಹಾಕಿ, ತಲೆಗೆ ಸೆರಗು ಹೊದ್ದು, ತಮ್ಮ ಬಾಗಿಲಿನಿಂದ ಹೊರಬಿದ್ದು, ಓಣಿಯಲ್ಲಿ ನಡೆದು, ನಮ್ಮ ಕಟ್ಟೆ ಹತ್ತಿ, ತೆರೆದಿದ್ದ ಬಾಗಿಲಿನ ಚಿಲಕ ಬಡಿಯುತ್ತಿದ್ದರು. ಅವರು ಹೊರಟದ್ದು ನನಗೆ ಜಮಖಾನೆಯ ಆಚೆಯಿಂದ ಕೇಳಿಸಿರುತ್ತಿತ್ತು. ಆದರೂ ನಾನು ಯಾರು ಎಂದು ಕೇಳುತ್ತಿದ್ದೆ. ಪರದೆ ಸರಿಸಿ ಕೈಗೇ ಕೊಡಬಹುದಲ್ಲ ಎಂದು ಒಮ್ಮೆ ಸೂಚಿಸಿದ್ದಕ್ಕೆ ಅವರ ಮುಖ ಗಂಭೀರವಾಯಿತು. "ಗ್ವಾಡಿ ಹಾದು ಬರಾಕ ನಾವೇನ್ ಕನ್ನಾ ಹಾಕಾಕ ಬಂದವರೇನು?" ಎಂದರು.

ಮೇಸ್ತ್ರಿ ಶಿರಹಟ್ಟಿಯಿಂದ ಬಂದು, ಮಣ್ಣು ಎತ್ತಿಸಿ, ಒಂದು ಸರಳ ಪ್ರಶ್ನೆ ಕೇಳಿದ. ಹೊಸ ಗೋಡೆ ಇಟ್ಟಂಗಿಯದು, ಒಂಬತ್ತು ಇಂಚು ಸಾಕು. ಹಳೆಯ ಗೋಡೆ ಕೂತಿದ್ದ ಜಾಗದಲ್ಲಿ ಹೆಚ್ಚೂಕಡಿಮೆ ಎರಡಡಿ ಉಳಿಯುತ್ತದೆ. ಅದು ಯಾರಿಗೆ?

ಅರ್ಧರ್ಧ ಹಂಚಿಕೊಳ್ಳೋಣವೆಂದು ನಾನು ಮಂಡಿಸಿದೆ. ಚಾಚಾ ಒಪ್ಪಲಿಲ್ಲ, ತಮಗೆ ಬೇಡ, ಪೂರ್ತಿ ನಮಗೇ ಸೇರಬೇಕೆಂದರು. ಆ ಗೋಡೆಯನ್ನು ಕಟ್ಟಿಸಿದ್ದು ನಮ್ಮ ಅಜ್ಜನಂತೆ. ಅದು ಅವರ ತಂದೆ ಹೇಳುತ್ತಿದ್ದ ಮಾತಂತೆ. ನಾನು ಬೆಚ್ಚಿದೆ. ಏಕೆಂದರೆ ಅದನ್ನು ಕಟ್ಟಿಸಿದ್ದು ಚಾಚಾನ ತಂದೆಯೆಂದು ನಮ್ಮ ಅಜ್ಜ ಹೇಳುತ್ತಿದ್ದರು. ಪರರ ಗೋಡೆಯೆಂಬ ಭಕ್ತಿಯಿಂದ ನಮ್ಮ ಮನೆಯಲ್ಲಿ ಯಾರೂ ಅದಕ್ಕೊಂದು ಮೊಳೆ ಹೊಡೆದಿರಲಿಲ್ಲ. ವಿಚಾರಿಸಿದರೆ ಅವರ ಮನೆಯಲ್ಲೂ ಹೊಡೆದಿರಲಿಲ್ಲ. ಎರಡು ಕುಟುಂಬಗಳು ಇಷ್ಟು ಕಾಲ ಒಂದೇ ಗೋಡೆಯನ್ನು ಪರಸ್ಪರ ಉಡುಗೊರೆಯಾಗಿ ಕೊಟ್ಟುಕೊಂಡಿದ್ದವು ಎಂಬುದು ನನ್ನನ್ನು ಬಹಳ ಕಲಕಿತು. ಆಗ ನಾನು ಅರ್ಧವನ್ನೂ ಕೈಬಿಟ್ಟು, ಜಾಗವೆಲ್ಲ ಅವರದೇ ಎಂದು ವಾದಿಸತೊಡಗಿದೆ.

ತೊಂದರೆಯೆಂದರೆ ಆ ಎರಡಡಿ ಇಲ್ಲದೆ ಕೋಲಿ ಸಾಲುತ್ತಿರಲಿಲ್ಲ. ಕಮೋಡು ಕೂಡಿಸಿದ ಮೇಲೆ ಅವ್ವನ ವಾಕರು ಒಳಗೆ ಹೋಗುತ್ತಿತ್ತು, ತಿರುಗುತ್ತಿರಲಿಲ್ಲ. ಚಾಚಾ ಇದನ್ನೇ ಎತ್ತಿ ಹಿಡಿದರು. "ನಿನ್ನ ನ್ಯಾಯದ ಸಲುವಾಗಿ ನಿಮ್ಮವ್ವ ಹಿಂದಿಂದಕ್ಕ ನಡಕೋಂತ ಹೊರಗ ಬರಬೇಕೇನ್ ಬೇಟಾ?" ಎಂದರು. ಮಾತು ಬಲವಾಗಿತ್ತು; ಆದರೆ ಭಾವನೆಗೆ ಮನವಿ ಮಾಡುವ ಮಾತು. ಒಬ್ಬರ ಅಗತ್ಯ ತಾನೇ ತಾನಾಗಿ ಹಕ್ಕಾಗುವುದಿಲ್ಲ, ಇಂದು ನಮ್ಮ ಅಗತ್ಯಕ್ಕೆ ಅವರ ಜಾಗ ತೆಗೆದುಕೊಂಡರೆ ನಾಳೆ ಬಲವುಳ್ಳವರ ಅಗತ್ಯಕ್ಕೆ ಬಲವಿಲ್ಲದವರ ಜಾಗ ಹೋಗುತ್ತದೆ ಎಂದು ನಾನು ವಿವರಿಸಿದೆ. ಈ ವಾದದಲ್ಲಿ ದೋಷವಿದೆಯೆಂದು ನನಗೆ ಇಂದಿಗೂ ಅನ್ನಿಸಿಲ್ಲ. ಚಾಚಾ ಸೂಜಿಯನ್ನು ಗಾದಿಗೆ ಚುಚ್ಚಿಟ್ಟು ಪೂರ್ತಿ ಕೇಳಿದರು, ತಲೆದೂಗಿದರು. ಬಳಿಕ ಜಾಗ ನಿಮ್ಮದೇ ಎಂದರು.

ಮೇಸ್ತ್ರಿ ಇಬ್ಬರನ್ನೂ ನೋಡಿದ. "ಗೇಣ ಜಾಗಾಕ್ಕ ಬಡದಾಡೋರ್ನ ನೋಡೇನ್ರಿ ಅಕ್ಕಾರ. ಬ್ಯಾಡ ಬ್ಯಾಡ ಅಂತ ಬಡದಾಡೋರ್ನ ಈಗ ನೋಡಿದ್ನಿ" ಎಂದು ಕರಣಿ ತೊಳೆದುಕೊಂಡು ಮತ್ತೆ ಶಿರಹಟ್ಟಿಗೆ ಹೋದ.

ಕೊನೆಗೆ ಓಣಿಯ ಹಿರಿಯರ ಸಭೆ ಕರೆದೆ. ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ಅಧ್ಯಕ್ಷತೆಗೆ ಒಪ್ಪಿದರು. ಕುರ್ಚಿಗಳೆಲ್ಲ ಹಿತ್ತಲಲ್ಲಿ ತಾಡಪತ್ರಿಯ ಕೆಳಗೆ, ಅದರ ಮೇಲೆ ಉಸುಕು. ಉಳಿದವರು ಇಟ್ಟಂಗಿಗಳ ಮೇಲೆ ಕೂತರು. ಅಧ್ಯಕ್ಷರಿಗೆ ತಕ್ಕ ಆಸನ ಪಡಸಾಲೆಯಲ್ಲಿ ಒಂದೇ ಇತ್ತು. ಮುಚ್ಚಳ ಹಾಕಿ, ಮೇಲೆ ಶುಭ್ರವಾದ ಟವೆಲು ಹಾಸಿ, ದಯಮಾಡಿಸಬೇಕೆಂದೆ. ಅವರು ಧೋತರದ ಚುಂಗು ಎತ್ತಿ ಹಿಡಿದು, ಯಾವ ಮುಜುಗರವೂ ಇಲ್ಲದೆ ಕಮೋಡಿನ ಮೇಲೆ ಕುಳಿತು, ಸಭೆ ಆರಂಭವಾಯಿತೆಂದು ಘೋಷಿಸಿದರು. ನಾನು ಚಾಚಾನ ಹಕ್ಕಿನ ಪರವಾಗಿ, ಚಾಚಾ ನಮ್ಮ ಹಕ್ಕಿನ ಪರವಾಗಿ ಮಾತನಾಡಿದೆವು. ಸಭೆ ಎರಡೂ ಕಡೆಯ ಔದಾರ್ಯವನ್ನು ಮೆಚ್ಚಿ, ಚಹಾ ಕುಡಿದು, ಭಾನುವಾರಕ್ಕೆ ಮುಂದೂಡಲ್ಪಟ್ಟಿತು.

ಸಂಜೆ ಫೋನಿನಲ್ಲಿ ಅವ್ವನಿಗೆ, ಚರ್ಚೆ ಬಹಳ ಉನ್ನತ ಮಟ್ಟದಲ್ಲಿ ನಡೆಯಿತೆಂದು ಹೇಳಿದೆ. ಗ್ವಾಡಿ ಎಲ್ಲಿಗೆ ಬಂತು ಎಂದು ಕೇಳಿದಳು. ತಾತ್ವಿಕವಾಗಿ ಹತ್ತಿರ ಬಂದಿದ್ದೇವೆ ಎಂದೆ. ಫೋನು ತಂಗಿಯ ಕೈಗೆ ಹೋಯಿತು. ಅವ್ವ ಅಂದು ಬೆಳಗ್ಗೆಯಿಂದ ಒಂದು ಲೋಟ ನೀರನ್ನಷ್ಟೇ ಕುಡಿದಿದ್ದಾಳೆಂದು ಆಕೆ ಹೇಳಿದಳು.

ಭಾನುವಾರದ ಸಭೆ ಅರ್ಧಕ್ಕೆ ಬಂದಿತ್ತು. ಮೇಸ್ತ್ರಿಯನ್ನೂ ಕರೆಸಿದ್ದೆ; ಅವನು ಹೊಸ್ತಿಲ ಬಳಿ ಕೂತು ಆಕಳಿಸುತ್ತಿದ್ದ. ಬಾಗಿಲಲ್ಲಿ ತಂಗಿಯ ಗಂಡನ ಕಾರು ನಿಂತಿತು. ಅವ್ವ ವಾಕರು ಊರುತ್ತ ಒಳಗೆ ಬಂದಳು. ಸೊರಗಿದ್ದಳು. ಅಧ್ಯಕ್ಷರು ಗಡಬಡಿಸಿ ಎದ್ದರು.

"ಕುಂಡ್ರಿ ಸರ, ಕುಂಡ್ರಿ," ಎಂದಳು ಅವ್ವ. "ಅದು ನಂದ. ಆದ್ರ ನಿಮ್ಮ ಮೀಟಿಂಗ್ ಮುಗಿಯೂತನಕಾ ನಂಗ ಸಿಗಂಗಿಲ್ಲಲ್ಲ."

ಅಧ್ಯಕ್ಷರು ನಿಂತೇ ಉಳಿದರು. ನಾನು ಅವ್ವನಿಗೆ ಅಲ್ಲಿಯವರೆಗಿನ ವಾದಗಳ ಸಾರಾಂಶ ಹೇಳಿದೆ: ಗೋಡೆ ಅವರ ಅಪ್ಪನ ಕೊಡುಗೆಯೆಂದು ನಾವು, ನಮ್ಮ ಅಜ್ಜನ ಕೊಡುಗೆಯೆಂದು ಅವರು. ಅವ್ವ ಚಾಚಾನ ಕಡೆ ತಿರುಗಿದಳು. ಚಾಚಾ ಜಮಖಾನೆಯ ಅಂಚನ್ನು ಮಡಚತೊಡಗಿದರು.

"ಯಾರೂ ಯಾರಿಗೂ ಏನೂ ಕೊಟ್ಟಿಲ್ಲ," ಎಂದಳು. "ಗ್ವಾಡಿ ನಂದು ಅಂದವ್ರು ವರ್ಷಾ ಮಳಿಗಿಂತ ಮೊದಲ ಅದಕ್ಕ ಮಣ್ಣ ಮೆತ್ತಬೇಕಿತ್ತು. ಅದಕ್ಕ ನಮ್ಮ ಮಾವಾ ನಿಮ್ಮದು ಅಂದ್ರು, ನಿಮ್ಮಪ್ಪ ನಮ್ಮದು ಅಂದ. ನಾ ಈ ಮನಿಗೆ ಮದಿವ್ಯಾಗಿ ಬಂದಾಗಿಂದ ಒಬ್ಬರೂ ಮೆತ್ತಿಲ್ಲ. ಬೀಳದ ಏನ್ ಮಾಡತೈತಿ?"

ಪರದೆಯ ಆಚೆಗೆ ಚಾಚಿ ನಕ್ಕದ್ದು ಕೇಳಿಸಿತು.

"ಖರೆ ಐತಿ ವೈನಿ," ಎಂದರು ಚಾಚಾ. "ನಮ್ಮ ಅಪ್ಪನೂ ಮಳಿಗಾಲ ಬಂತಂದ್ರ ಈ ಗ್ವಾಡಿ ಕಡೆ ಮಾರಿ ಮಾಡ್ತಿರಲಿಲ್ಲ."

ಅವ್ವ ಜಮಖಾನೆ ಸರಿಸಿ ಗೋಡೆಯಿದ್ದ ಜಾಗಕ್ಕೆ ಹೋಗಿ ನಿಂತಳು. ಮೇಸ್ತ್ರಿಯನ್ನು ಕರೆದು, ಕಮೋಡು ಎಲ್ಲಿ ಬರುತ್ತದೆಂದು ಕೇಳಿ, ಅಲ್ಲಿಂದ ವಾಕರನ್ನು ಎತ್ತಿಟ್ಟು ಎತ್ತಿಟ್ಟು, ಮೈಯೆಲ್ಲ ಬೆವರುತ್ತ, ಒಂದು ಸುತ್ತು ತಿರುಗಿದಳು. ವಾಕರಿನ ಕಾಲು ಎಲ್ಲಿಯವರೆಗೆ ಹೋಯಿತೋ ಅಲ್ಲಿಯವರೆಗೆ ಇಟ್ಟಂಗಿಯ ಚೂರಿನಿಂದ ಗೆರೆ ಎಳೆಯಲು ಹೇಳಿದಳು. ಅಷ್ಟು ಬಚ್ಚಲಿಗೆ, ಉದ್ದಕ್ಕೂ ಉಳಿದದ್ದು ಚಾಚಿಗೆ, ಅಲ್ಲಿ ಆಕೆಯ ಡಬ್ಬಿಗಳಿಗೆ ಒಂದು ಕಪಾಟು ಆಗಲಿ. ಸುಣ್ಣ ಆ ಕಡೆ ಅವರು, ಈ ಕಡೆ ನಾವು, ಪ್ರತಿ ವರ್ಷ. ಇದು ಮೂಲತಃ ನಾನು ಮೊದಲ ದಿನ ಮಂಡಿಸಿದ ಸಮಪಾಲಿನ ಸೂಚನೆಯೇ ಆಗಿತ್ತು. ಅದನ್ನು ಸಭೆಯ ಗಮನಕ್ಕೆ ತರಲು ಎದ್ದು ನಿಂತೆ. ಆದರೆ ಅಧ್ಯಕ್ಷರು ಆಗಲೇ ಚಪ್ಪಲಿ ಹುಡುಕುತ್ತಿದ್ದರು.

ಮೇಸ್ತ್ರಿಯೊಬ್ಬನೇ ಆಕ್ಷೇಪಿಸಿದ. ಆ ಗೆರೆಯಂತೆ ಕಟ್ಟಿದರೆ ಗೋಡೆ ನಡುವೆ ಹೊಟ್ಟೆ ಬಂದಂತೆ ಸೊಟ್ಟಗಾಗುತ್ತದೆ, ತನ್ನ ಹೆಸರು ಕೆಡುತ್ತದೆ ಎಂದ.

"ನಿನ್ನ ಹೆಸರೇನ್ ಅದರ ಮ್ಯಾಲ ಬರಸಂಗಿಲ್ಲ ಬಿಡೋ," ಎಂದಳು ಅವ್ವ. "ನೀ ಶಿರಹಟ್ಟಿಗೆ ಹೋಗೂದ ಬಿಟ್ರ ಸಾಕು."

ಅವನು ಹೋಗಲಿಲ್ಲ. ಗೋಡೆ ಎದ್ದಿತು. ನೇರವಾಗಿ ಹೊರಟು, ನಡುವೆ ಒಬ್ಬ ಮುದುಕಿಗೆ ದಾರಿ ಬಿಡುವವರಂತೆ ಆಚೆಗೆ ಸರಿದು, ಮತ್ತೆ ಈಚೆಗೆ ಬರುವ ಗೋಡೆ. ಬಂದವರೆಲ್ಲ ಅದನ್ನು ನೋಡಿ ಕಾರಣ ಕೇಳುತ್ತಾರೆ. ನಾನು ಮೊದಲಿನಿಂದ ವಿವರಿಸಲು ತೊಡಗಿದರೆ ಚಹಾ ಮುಗಿಸಿ ಎದ್ದುಬಿಡುತ್ತಾರೆ.

ಕೆಲಸ ಮುಗಿಯುವವರೆಗೆ ಅವ್ವ ಮತ್ತೆ ಲಕ್ಷ್ಮೇಶ್ವರದಲ್ಲೇ ಇದ್ದಳು. ಬಚ್ಚಲು ಸಿದ್ಧವಾಗಿ ಅವ್ವ ಮರಳಿ ಬಂದ ದಿನ ತಂಗಿಯೂ ಜೊತೆಗೆ ಬಂದಿದ್ದಳು. ಕಾರಿನಿಂದಿಳಿದ ಅವ್ವ ಯಾರ ಕೈಯನ್ನೂ ಹಿಡಿಯದೆ ನೇರವಾಗಿ ಬಚ್ಚಲಿಗೆ ಹೋದಳು. ಒಳಗಿನಿಂದ ಚಿಲಕ ಹಾಕಿದ ಸದ್ದಾಯಿತು. ತಂಗಿ ನನ್ನತ್ತ ನೋಡಿದಳು. ಇಬ್ಬರೂ ಬಾಗಿಲ ಬಳಿ ನಿಂತೆವು. ಐದು ನಿಮಿಷವಾಯಿತು, ಹತ್ತಾಯಿತು. ನೀರಿನ ಸದ್ದೂ ಇಲ್ಲ. ತಂಗಿ ಬಾಗಿಲು ಬಡಿಯಲು ಕೈ ಎತ್ತಿದಳು. ಅಷ್ಟರಲ್ಲಿ ಒಳಗೆ ಅವ್ವ ಯಾರಿಗೋ ಬದನೆಕಾಯಿಗೆ ಹುರಿದ ಶೇಂಗಾ ಪುಡಿ ಹಾಕಬಾರದೆಂದು ಹೇಳುತ್ತಿದ್ದದ್ದು ಕೇಳಿಸಿತು. ಒಂಬತ್ತು ಇಂಚಿನ ಇಟ್ಟಂಗಿಯ ಆಚೆಗೆ, ಕಪಾಟಿನ ಬಳಿ ನಿಂತ ಚಾಚಿ ಹಾಕಬೇಕೆಂದೇ ವಾದಿಸುತ್ತಿದ್ದರು.

ನಾನು ಕೆಮ್ಮಿದೆ.

"ಅಲ್ಲಿ ಯಾಕ ನಿಂತೀರಿ?" ಎಂದು ಒಳಗಿನಿಂದ ಅವ್ವನ ದನಿ ಬಂತು. "ಹೋಗ್ರಿ. ನಾವ್ ಮಾತಾಡಾಕತ್ತೀವಿ."

ತಂಗಿ ಹೋಗಿ ಚಹಾಕ್ಕಿಟ್ಟಳು. ನಾನು ಪೊರಕೆ ತೆಗೆದುಕೊಂಡು ಪಡಸಾಲೆಯ ಉಸುಕು ಗುಡಿಸತೊಡಗಿದೆ. ಒಳಗೆ ಮಾತು ಇನ್ನೂ ಮುಗಿದಿರಲಿಲ್ಲ.