ಅಲ್ಲಲ್ಲಿ ಮಳೆ ಎಂದ ವಾರ

ಅತ್ತೆಯ ಎಡಗಾಲಿನ ಹೆಬ್ಬೆರಳು ಉಳಿದ ಬೆರಳುಗಳ ಸಂಗ ಬಿಟ್ಟು ಹೊರಗೆ ಚಾಚಿಕೊಂಡಿತ್ತು. ನೀರುಳ್ಳಿ ಜಡೆ ಹೆಣೆಯುವಾಗ ಬಾಳೆನಾರಿನ ತುದಿಯನ್ನು ಆ ಬೆರಳಿಗೆ ಸಿಕ್ಕಿಸಿ, ಬೆನ್ನು ಹಿಂದಕ್ಕೆಳೆದು ಕೂತು ಬಿಗಿ ಮಾಡುತ್ತಿದ್ದರು. ಅವರು ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಅದೇ ಕೆಲಸ. ಒಮ್ಮೆ ಚಪ್ಪಲಿ ಕೊಡಿಸಲು ಕುಮಟಾ ಪೇಟೆಗೆ ಕರೆದುಕೊಂಡು ಹೋದೆ. ಅಂಗಡಿಯವನು ಸುಸ್ತಾದ, ನಾವು ಬರಿಗೈಯಲ್ಲಿ ಬಂದೆವು. ಮನೆಯಲ್ಲಿ ಮಗ ಕೇಳಿದ್ದಕ್ಕೆ, "ಚಪ್ಪಲಿ ಎಲ್ಲಾ ಚಲೋ ಇತ್ತು, ಕಾಲೇ ಸಮ ಇಲ್ಲ ಅಂದ" ಎಂದರು.

ಆ ಮಗನೇ ನನ್ನ ಗಂಡ. ರಿಕ್ಷಾ ಓಡಿಸುತ್ತಾರೆ. ಆದರೂ ನಮ್ಮ ವರ್ಷದ ಊಟ ನಿಂತಿರುವುದು ಹೊಯಿಗೆ, ಅಂದರೆ ಮರಳು ಮಣ್ಣಿನ ನೀರುಳ್ಳಿ ಗದ್ದೆಯ ಮೇಲೆ. ನಮ್ಮ ಕಡೆಯ ನೀರುಳ್ಳಿ ಸಿಹಿ. ಇಡಗುಂಜಿಗೆ ಹೋಗುವವರು, ಓಂ ಬೀಚಿನಿಂದ ಬರುವವರು ಹೆದ್ದಾರಿ ಬದಿಯಲ್ಲಿ ತೂಗುವ ಜಡೆ ಕಂಡು ಕಾರು ನಿಲ್ಲಿಸುತ್ತಾರೆ. ಆದರೆ ಜಡೆಯಾಗಬೇಕಾದರೆ ಕಿತ್ತ ಮೇಲೆ ಒಂದು ಹಗಲಾದರೂ ಒಳ್ಳೆಯ ಬಿಸಿಲು ಬೇಕು. ಎಲೆ ಹಸಿಯಿದ್ದರೆ ಕೊಳೆಯುತ್ತದೆ, ಪೂರ್ತಿ ಒಣಗಿದರೆ ತುಂಡಾಗುತ್ತದೆ. ನಡುವೆ ಮಳೆ ಬಿತ್ತೆಂದರೆ ಜಡೆಯೂ ಇಲ್ಲ, ನೀರುಳ್ಳಿಯೂ ಇಲ್ಲ.

ಹಾಗಾಗಿ ಯುಗಾದಿಯ ಆಸುಪಾಸಿನಲ್ಲಿ ನನ್ನ ಮೊಬೈಲಿಗೆ ಮನೆಯಲ್ಲಿ ಭಾರೀ ಮರ್ಯಾದೆ. ಸಂಜೆ ದೀಪ ಹಚ್ಚಿ ಅತ್ತೆ ಜಗಲಿಗೆ ಬಂದು ಕೂರುತ್ತಿದ್ದರು.

"ಎಂತ ಹೇಳ್ತದೆ ನಿನ್ನ ಮೊಬೈಲು?"

ನಾನು ವಾರದ ಮುನ್ಸೂಚನೆ ಓದುತ್ತಿದ್ದೆ. ಒಣಹವೆ ಎಂದರೆ ಎದ್ದು ಒಳಗೆ ಹೋಗುತ್ತಿದ್ದರು. ಮಳೆ ಎಂದರೆ ತಪ್ಪು ನನ್ನದೇ ಎಂಬಂತೆ ನೋಡುತ್ತಿದ್ದರು. ನನ್ನ ತವರು ಭಟ್ಕಳ. "ಮಳೆ ಬಂದ್ರೆ ಭಟ್ಕಳದಲ್ಲೇ ಹೊಯ್ದು ಮುಗೀಲಿ. ನಿನ್ನಪ್ಪನ ಮನೆಯವ್ರು ಕೊಡೆ ಹಿಡ್ಕಳ್ಲಿ" ಎಂದು ಕಿಚಾಯಿಸುತ್ತಿದ್ದರು.

ನಾನು ಹೇಳಬೇಕೆಂದಿರುವ ವರ್ಷ, ಒಂದು ಭಾನುವಾರ ಸಂಜೆ ಹೀಗೇ ಓದಿದೆ. ಬುಧವಾರದವರೆಗೆ ಒಣಹವೆ. ಗುರುವಾರದಿಂದ ಭಟ್ಕಳ, ಹೊನ್ನಾವರ, ಕುಮಟಾ ಕಡೆ ಅಲ್ಲಲ್ಲಿ ಗುಡುಗು ಸಹಿತ ಮಳೆಯ ಸಾಧ್ಯತೆ.

"ಅಲ್ಲಲ್ಲಿ ಅಂದ್ರೆ ಎಲ್ಲಿ?"

"ಅದನ್ನು ಹೇಳಿಲ್ಲ ಅತ್ತೆ."

"ಹೇಳ್ದೇ ಇದ್ರೆ ಇಲ್ಲಿಗೇ ಅಂತ ತಿಳ್ಕಬೇಕು" ಎಂದು ಎದ್ದರು. ಅವರು ಒಳಗೆ ಹೋಗಲಿಲ್ಲ, ಕತ್ತಲಾಗುವ ಮೊದಲೇ ಕೇರಿಯ ಹೆಂಗಸರನ್ನೆಲ್ಲ ಅಂಗಳಕ್ಕೆ ಕರೆದರು.

ನಮ್ಮ ಕೇರಿಯಲ್ಲಿ ನೀರುಳ್ಳಿ ಕೀಳುವುದು ಮುಯ್ಯಾಳಿನಲ್ಲಿ. ಇವತ್ತು ಎಲ್ಲರೂ ಸೇರಿ ನಿನ್ನ ಗದ್ದೆಗೆ, ನಾಳೆ ಎಲ್ಲರೂ ನನ್ನ ಗದ್ದೆಗೆ. ದಿನಕ್ಕೆ ಒಂದು ಮನೆಯದು. ಸರದಿ ಹೇಳುವವರು ಅತ್ತೆ. ಬೇರೆ ವರ್ಷ ಅದೊಂದು ಮಾತಿನ ಶಾಸ್ತ್ರ. ಆ ಸಂಜೆ ಮಾತ್ರ ಯಾರೂ ನಗಲಿಲ್ಲ, ಯಾರೂ ಕೂರಲೂ ಇಲ್ಲ. ಕೊನೆಯ ಸರದಿ ಬಂದವರ ಗದ್ದೆಗೆ ಮಳೆ ಎಂಬುದು ಎಲ್ಲರಿಗೂ ಗೊತ್ತಿತ್ತು.

"ನಾಳೆ ಬಾವಿಕಟ್ಟೆ ಮನೆದು" ಎಂದರು ಅತ್ತೆ. ಆ ಮನೆಯವಳ ಗಂಡ ತೆಂಗಿನ ಮರದಿಂದ ಬಿದ್ದು ಹಾಸಿಗೆ ಹಿಡಿದಿದ್ದ. ಅದನ್ನು ನಾನೂ ಒಪ್ಪಿದೆ. ಮಂಗಳವಾರ ಇನ್ನೊಬ್ಬರದು, ಬುಧವಾರ ಮತ್ತೊಬ್ಬರದು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ.

"ನಮ್ಮದು ಗುರುವಾರ. ಆತು, ಹೋಗಿ ಮಲ್ಕಳಿ."

ನನಗೆ ಸಿಟ್ಟು ನೆತ್ತಿಗೇರಿತು. ಗಂಡನ ಮುಖ ನೋಡಿದೆ. ಅವರು ತಾಯಿಯ ಎದುರು ಬಾಯಿ ತೆರೆಯುವ ಪೈಕಿಯವರಲ್ಲ.

ಮೂರು ದಿನವೂ ನಾನು ಬೇರೆಯವರ ಗದ್ದೆಯಲ್ಲಿ ಬಗ್ಗಿ ಕೀಳುತ್ತಾ, ತಲೆಯೆತ್ತಿದಾಗಲೆಲ್ಲ ಘಟ್ಟದ ಕಡೆ ನೋಡುತ್ತಿದ್ದೆ. ಬುಧವಾರ ಮಧ್ಯಾಹ್ನ ಗಾಳಿ ನಿಂತಿತು. ಉಪ್ಪಿನ ಡಬ್ಬಿಯಲ್ಲಿ ನೀರೊಡೆಯಿತು. ಅತ್ತೆಗೂ ಹೆದರಿಕೆಯಿತ್ತು. ಆ ರಾತ್ರಿ ಅನ್ನ ಕಲಸಿ ಹಾಗೇ ಬಿಟ್ಟು ಕೈ ತೊಳೆದದ್ದನ್ನು ನಾನು ನೋಡಿದೆ.

ಗುರುವಾರ ಬೆಳಕು ಹರಿಯುವ ಹೊತ್ತಿಗೆ ಹೆಂಗಸರೆಲ್ಲ ನಮ್ಮ ಗದ್ದೆಯಲ್ಲಿದ್ದರು. ಹಾಡಿಕೊಂಡು ಕೀಳುವ ಜನ, ಅವತ್ತು ಉಸಿರೂ ಬಿಡದೆ ಕಿತ್ತರು. ಅರ್ಧ ಗದ್ದೆ ಮುಗಿದಿತ್ತೋ ಇಲ್ಲವೋ, ಪೂರ್ವದಲ್ಲಿ ಗುಡುಗಿತು. ಮಳೆ ನೇರ ನಮ್ಮ ತಲೆಯ ಮೇಲೇ ಬಂತು. ಕಿತ್ತದ್ದನ್ನು ಸೆರಗಿನಲ್ಲಿ, ಬುಟ್ಟಿಯಲ್ಲಿ, ಸಿಕ್ಕಿದ ಚೀಲದಲ್ಲಿ ಹೊತ್ತುಕೊಂಡು ಓಡಿದೆವು. ಮರುದಿನವೂ ಹೊಯ್ಯಿತು, ಅದರ ಮರುದಿನವೂ. ನೆಲದಲ್ಲಿ ಉಳಿದ ಅರ್ಧ ಅಲ್ಲೇ ಕೊಳೆತು ನಾರಿತು.

ಆ ವಾಸನೆ ಜಗಲಿಯವರೆಗೂ ಬರುತ್ತಿತ್ತು. ಅತ್ತೆ ಒದ್ದೆ ನೀರುಳ್ಳಿಯನ್ನು ಹಳೆಯ ಸೀರೆಯಲ್ಲಿ ಒಂದೊಂದಾಗಿ ಒರೆಸುತ್ತಿದ್ದರು. ನನಗೆ ತಡೆಯಲಾಗಲಿಲ್ಲ.

"ನಮ್ಮದನ್ನು ಒಂದು ದಿನ ಮೊದಲು ಇಟ್ಟಿದ್ದರೆ ಇಷ್ಟು ಹಾಳಾಗುತ್ತಿತ್ತಾ?"

ಅವರು ಒರೆಸುವುದನ್ನು ನಿಲ್ಲಿಸಲಿಲ್ಲ. "ಆಗ ಯಾರದ್ದು ಕೊಳೀಬೇಕಿತ್ತು? ಹೆಸ್ರು ಹೇಳು."

ಮಳೆಯ ಸದ್ದಿನಲ್ಲಿ ನಾನು ಒಂದೊಂದೇ ಮನೆಯನ್ನು ನೆನೆದೆ. ಮೂರು ದಿನ ಅವರ ಮಕ್ಕಳು ನೀರು ತಂದುಕೊಟ್ಟಿದ್ದರು, ಅವರ ಮನೆಯ ಗಂಜಿ ಉಂಡಿದ್ದೆ. ನಾನೂ ಒಂದು ಬಟ್ಟೆ ತೆಗೆದುಕೊಂಡು ಪಕ್ಕದಲ್ಲಿ ಕೂತೆ. "ಮೆಲ್ಲಗೆ. ಸಿಪ್ಪೆ ಏಳ್ತದೆ" ಎಂದರು, ಅಷ್ಟೇ. ಆ ವರ್ಷ ನಾವು ಮಳೆಗಾಲವನ್ನು ಹೇಗೋ ದಾಟಿದೆವು. ಹಬ್ಬಕ್ಕೆ ಸೀರೆಯಿಲ್ಲ ಎಂದು ನಾನು ಗೊಣಗಿದೆ, ಅವರು ಕೇಳಿಸದವರಂತೆ ಇದ್ದರು.

ಹೋದ ವರ್ಷದ ಆಷಾಢದಲ್ಲಿ ಅತ್ತೆ ತೀರಿಕೊಂಡರು. ಜ್ವರವೆಂದು ಮಲಗಿದವರು ಏಳಲಿಲ್ಲ. ಬದುಕಿದ್ದಾಗ ಜಗಳವಾಡಿದಷ್ಟು ಹೊತ್ತು ಅವರ ಹತ್ತಿರ ಸುಮ್ಮನೆ ಕೂರಬಹುದಿತ್ತು ಎಂದು ಈಗ ಅನ್ನಿಸುತ್ತದೆ.

ಈ ವಸಂತದಲ್ಲಿ ಮತ್ತೆ ಮೊಬೈಲು ಅದನ್ನೇ ಹೇಳಿತು. ವಾರದ ಕೊನೆಗೆ ಕರಾವಳಿಯಲ್ಲಿ ಅಲ್ಲಲ್ಲಿ ಮಳೆ. ನಮ್ಮ ಗದ್ದೆ ಪೂರ್ತಿ ಬಲಿತು ನಿಂತಿತ್ತು. ಸರದಿ ಹೇಳುವವರಿಲ್ಲ. ನನ್ನನ್ನೇ ಕೇಳಿದರೆ ಎಂತ ಹೇಳಲಿ ಎಂದು ರಾತ್ರಿಯಿಡೀ ಹೊರಳಾಡಿದೆ. ನಮ್ಮದು ಕೊನೆಗಿರಲಿ ಎನ್ನುವಷ್ಟು ದೊಡ್ಡ ಮನಸ್ಸು ನನಗಿಲ್ಲ. ಮೊದಲಿರಲಿ ಎನ್ನುವ ಮುಖವೂ ಇರಲಿಲ್ಲ.

ಬೆಳಿಗ್ಗೆ ಬಾಗಿಲು ತೆಗೆದರೆ ಕೇರಿಯ ಹೆಂಗಸರೆಲ್ಲ ಬುಟ್ಟಿ ಹಿಡಿದು ಅಂಗಳ ದಾಟಿ ನಮ್ಮ ಗದ್ದೆಗೇ ಇಳಿಯುತ್ತಿದ್ದರು. ಮುಂದೆ ಬಾವಿಕಟ್ಟೆ ಮನೆಯವಳು.

"ಸರದಿ ಇನ್ನೂ ಯಾರೂ ಹೇಳಲಿಲ್ಲವಲ್ಲ" ಎಂದೆ.

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಬಗ್ಗಿದಳು. "ಪ್ರತಿ ವರ್ಷ ಹೇಳ್ತಿದ್ದೆ, ನಿಮ್ಮದು ಮೊದ್ಲು ಕೀಳ್ವಾ ಅಂತ. ನಿನ್ನತ್ತೆ ಇದ್ದಷ್ಟು ದಿನ ಬಿಡ್ಲಿಲ್ಲ. ಈಗ ಬೇಡ ಅನ್ನೂಕೆ ಯಾರಿದ್ದಾರೆ?"