ಮೆಟ್ಟಿಲು ಯಾರದು?
ನಮ್ಮ ಮನೆ ಮಾಲೀಕರ ಹತ್ತಿರ ದೂರು ಹೇಳಲು ಹೋದವರು ಇತಿಹಾಸ ಕೇಳಿಕೊಂಡು ವಾಪಸ್ಸು ಬರಬೇಕು. ಕಿಟಕಿ ಮುಚ್ಚುತ್ತಿಲ್ಲ ಎಂದರೆ, "ಅದು ಡಾಕ್ಟರು ಇಡಿಸಿದ ಕಿಟಕಿ ಸಾರ್, ಗಾಳಿಗೇ ಅಂತ ಇಡಿಸಿದ್ದು, ಯಾಕ್ ಮುಚ್ತೀರಿ?" ಅನ್ನುತ್ತಾರೆ. ಈ ಮರದ ಮನೆಯ ವಂಶಾವಳಿ ಹೀಗೆ: ಕಟ್ಟಿಸಿದವನು ನಾಟಾ ವ್ಯಾಪಾರಿ, ಅವನಿಂದ ಕೊಂಡವರು ಡಾಕ್ಟರು, ಅವರಿಂದ ವಕೀಲರು, ವಕೀಲರಿಂದ ಇವರು. ಕಂಬ ವ್ಯಾಪಾರಿಯದು, ಕಿಟಕಿ ಡಾಕ್ಟರದು, ಮಹಡಿಯ ಮೆಟ್ಟಿಲು ವಕೀಲರದು; ಒಂದು ಮೊಳೆ ಹೊಡೆಯಲು ಇಷ್ಟೂ ಜನರ ಒಪ್ಪಿಗೆ ಬೇಕು, ಅವರೋ ಸ್ವರ್ಗದಲ್ಲಿದ್ದಾರೆ. ಆ ಮೆಟ್ಟಿಲಿನ ಹಲಗೆಯೊಂದು ಕೊಳೆತು ಲಡ್ಡಾಗಿ, ನಮ್ಮತ್ತೆಯವರ ಕಾಲು ಮೊಣಕಾಲಿನವರೆಗೆ ಅದರೊಳಗೆ ಇಳಿದ ದಿನ ನಾನು ರೇಗಿಬಿಟ್ಟೆ: "ಎಲ್ಲಾ ಅವರಿವರದೇ ಆಯ್ತಲ್ಲ ಸ್ವಾಮಿ, ಈ ಮನೇಲಿ ನಿಮ್ಮದು ಅಂತ ಏನಿದೆ?" ಮರುದಿನವೇ ಮಾಲೀಕರು ಬಡಗಿಯನ್ನು ಕರೆತಂದು, ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕೂತು ಹೊಸ ಹಲಗೆ ಹಾಕಿಸಿದರು. ಅದನ್ನು ಅಂಗೈಯಿಂದ ಸವರುತ್ತಾ, "ನಾಳೆ ನಾನಿಲ್ಲದಾಗ ಯಾರಾದ್ರೂ ಕೇಳಿದ್ರೆ, ಇದು ನಾನು ಹಾಕಿಸಿದ್ದು ಅಂತ ಹೇಳ್ತೀರಲ್ಲ?" ಅಂದರು. ನನ್ನ ಸಿಟ್ಟೆಲ್ಲ ಇಳಿದುಹೋಯಿತು. "ಖಂಡಿತ ಹೇಳ್ತೀನಿ" ಎಂದು ಹಲಗೆಯ ಮೇಲೆ ಕಾಲಿಟ್ಟೆ. "ಅಯ್ಯಯ್ಯೋ, ಅದರ ಮೇಲಲ್ಲ ಸಾರ್! ದಾಟಿಕೊಂಡು ಹೋಗಿ, ಸವೆದುಹೋಗುತ್ತೆ!"