ಹೋದ ಯುಗಾದಿಯ ಷೇರುಗಳು

ಕಾಚಿಗೂಡದ ನಮ್ಮ ಕನ್ನಡದವರ ಸಭಾಭವನದಲ್ಲಿ ಯುಗಾದಿ ಸಂಜೆ ಪಂಚಾಂಗ ಓದುತ್ತಾರೆ. ಯಾವ ರಾಶಿಗೆ ಎಷ್ಟು ಆದಾಯ, ಎಷ್ಟು ವ್ಯಯ ಎಂದು ಆಚಾರ್ಯರು ಹೇಳಿ ಮುಗಿಸಿದ ಮೇಲೆ ಮೈಕು ಒಬ್ಬ ಷೇರು ಸಲಹೆಗಾರರ ಕೈಗೆ ಹೋಗುತ್ತಿತ್ತು. ಬಾಗಲಕೋಟೆ ಕಡೆಯವರು, ನಮ್ಮವರೇ. ಆ ವರ್ಷ ಯಾವ ಷೇರು ಏರುತ್ತದೆಂದು ಅವರು ಹೇಳಿದ್ದನ್ನೂ ಜನ ಪಂಚಾಂಗದಂತೆಯೇ ಕೇಳುತ್ತಿದ್ದರು. ಹಳೆಯ ಪಂಚಾಂಗ ನಿಜವಾಯಿತೇ ಎಂದು ಯಾರೂ ವಿಚಾರಿಸುವುದಿಲ್ಲವಲ್ಲ, ಹಾಗೆ ಅವರನ್ನೂ ಯಾರೂ ವಿಚಾರಿಸಿರಲಿಲ್ಲ.

ನಮ್ಮ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಹಗಲು ನಾಚಾರಂನ ಕಾರ್ಖಾನೆಯಲ್ಲಿ ಪ್ಯಾಕಿಂಗ್, ಸಂಜೆ ಕಾಲೇಜು. ಹಾಗೆ ಬಿ.ಕಾಂ. ಮುಗಿಸಿದೆ. ಅಪ್ಪ ತೀರಿಕೊಂಡಾಗ ಬಂದ ಪಿ.ಎಫ್. ಹಣದಲ್ಲಿ ಅರ್ಧವನ್ನು ಒಂದು ಯುಗಾದಿಗೆ ಅವ್ವ ಈ ಸಲಹೆಗಾರರ ಮಾತು ಕೇಳಿ ನಾಲ್ಕು ತಂತ್ರಜ್ಞಾನ ಕಂಪನಿಗಳ ಷೇರಿಗೆ ಹಾಕಲು ಹೊರಟಾಗ ನಾನು ಬೇಡವೆಂದೆ. ಅವರು ತುಂಬಿದ ಸಭೆಯಲ್ಲಿ, "ತಂಗೀ, ಬಿ.ಕಾಂ. ಓದಿದಾಕಿ ಅಂಗಡಿ ಲೆಕ್ಕ ಬರಕೋತ ಇರು. ಇದು ಎದಿಗಾರಿಕಿ ಇದ್ದವರ ಆಟ" ಅಂದರು. ಎಲ್ಲರೂ ನಕ್ಕರು. ಆ ನಗುವನ್ನು ನಾನು ವರ್ಷವಿಡೀ ಸಾಕಿಕೊಂಡಿದ್ದೆ.

ಅವ್ವ ಹಣ ಹಾಕಿಯೇಬಿಟ್ಟಳು. ಆ ಷೇರುಗಳು ಒಂದು ವಾರ ಜಿಗಿದರೆ ಮರುವಾರ ನೆಲಕಚ್ಚುತ್ತಿದ್ದವು. ಏರಿದಾಗ ಅವರು ಕುಷಾಯಿಗೂಡದ ನಮ್ಮ ಮನೆಗೆ ಬಂದು ಚಹಾ ಕುಡಿದರು. ಬಿದ್ದಾಗ ಫೋನ್ ಎತ್ತಲಿಲ್ಲ. ಯುಗಾದಿ ಹತ್ತಿರ ಬರುತ್ತಲೇ ಮತ್ತೆ ಬಂದರು.

"ಅಕ್ಕಾರ, ಭಾಳ ಸೋವಿ ಆಗ್ಯಾವ. ಉಳಿದ ರೊಕ್ಕಾನೂ ಅವಕ್ಕ ಹಾಕ್ರಿ, ನೀವು ಕೊಂಡ ಸರಾಸರಿ ಬೆಲಿ ಇಳೀತೈತಿ."

ಹಬ್ಬದ ಮರುದಿನ ಚೆಕ್ ಕೊಡುತ್ತೇನೆ ಅಂದಳು ಅವ್ವ. ಆ ಅರ್ಧವೂ ಹೋದರೆ ಅವಳ ಮುಪ್ಪಿಗೆ ಬೇರೇನೂ ಇರಲಿಲ್ಲ.

ಷೇರು ಬಿದ್ದದ್ದಕ್ಕೇ ಅವರನ್ನು ಬೈದರೆ ಅದು ಅನ್ಯಾಯ. ಆ ವರ್ಷ ತಂತ್ರಜ್ಞಾನ ಷೇರುಗಳೆಲ್ಲ ಓಲಾಡಿದ್ದವು. ಅದಕ್ಕೇ ಅಂಥ ಷೇರುಗಳನ್ನೆಲ್ಲ ಒಟ್ಟಿಗೇ ಕೊಳ್ಳುವ ಒಂದು ಸಾದಾ ಫಂಡಿನ ಪಕ್ಕದಲ್ಲಿ ಅವರ ನಾಲ್ಕನ್ನೂ ಇಟ್ಟು ನೋಡಿದೆ. ಫಂಡು ಬಿದ್ದು ಎದ್ದಿತ್ತು. ಇವರವು ಬಿದ್ದಲ್ಲೇ ಇದ್ದವು. ಅಷ್ಟು ಸಾಕಾಗಿತ್ತು ನನಗೆ.

ಯುಗಾದಿ ಸಂಜೆ ಅವರು ಮೈಕು ಹಿಡಿದ ಕೂಡಲೇ ಮುಂದಿನ ಸಾಲಿನಿಂದ ಎದ್ದೆ.

"ಅಣ್ಣಾರ, ಈ ವರ್ಷದ್ದು ಆಮ್ಯಾಲ. ಹೋದ ಯುಗಾದಿಗೆ ಹೇಳಿದ ನಾಲ್ಕರ ಗತಿ ಏನಾತು, ಅದನ್ನ ಮೊದಲ ಓದ್ರಿ."

"ಮಾರ್ಕೆಟ್ಟ ಬಿದ್ದರ ನಾ ಏನ್ ಮಾಡ್ಲಿ, ತಂಗೀ?"

"ಏರಿದರ ನಿಮ್ಮ ಕೈಗುಣ, ಬಿದ್ದರ ಮಾರ್ಕೆಟ್ಟೇನ್ರಿ? ಮಾರ್ಕೆಟ್ಟು ಎದ್ದು ಕುಂತೈತಿ. ನಿಮ್ಮವು ಯಾಕ ಇನ್ನೂ ಮಲಗ್ಯಾವ?"

ಹಿಂದಿನಿಂದ ಒಬ್ಬ ಮುದುಕರು, "ಹೇಳ್ರಿ ಸಾಹೇಬ್ರ, ನಮ್ಮನ್ಯಾಗೂ ಅವ ನಾಲ್ಕ ಮಲಗ್ಯಾವ" ಅಂದರು.

ಸಭೆ ನಕ್ಕಿತು. ನಾನು ಬಿಡಲಿಲ್ಲ. "ಅದರಾಗ ನಿಮ್ಮ ಸ್ವಂತ ರೊಕ್ಕ ಎಷ್ಟೈತ್ರಿ?"

ಅವರು ಮುಖ ಒರೆಸಿಕೊಂಡು ಮೈಕನ್ನು ಆಚಾರ್ಯರ ಕೈಗೆ ಕೊಟ್ಟುಬಿಟ್ಟರು.

ಬಸ್ಸಿನಲ್ಲಿ ಅವ್ವ, "ಮಂದಿ ಮುಂದ ಅಷ್ಟು ಮಾಡಬಾರದಾಗಿತ್ತು" ಅಂದಳು.

"ನನಗೂ ಮಂದಿ ಮುಂದನ ಅಂದಿದ್ರಲ್ಲ" ಅಂದೆ.

ಮರುದಿನ ಚೆಕ್ಕಿಗಾಗಿ ಅವರ ಫೋನ್ ಬಂತು. ಅದು ಬಡಿದುಕೊಂಡು ಬಡಿದುಕೊಂಡು ಸುಮ್ಮನಾಗುವವರೆಗೂ ಅವ್ವ ಎತ್ತಲಿಲ್ಲ. ನಾನು ಪಕ್ಕದಲ್ಲೇ ಕುಳಿತು ಅಷ್ಟನ್ನೂ ಸಂತೋಷದಿಂದ ಕೇಳಿದೆ.